ದಾನ, ಅಧಿಕಾರ ಮತ್ತು ಪತ್ರಿಕಾಧರ್ಮ

ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸು ಮತ್ತು ದಾನ ಇವು ಶ್ರಾವಕನ ಷಟ್ಕರ್ಮಗಳೆಂದು ನಮ್ಮ ಆಚಾರ್ಯರು ವಿಧಿಸಿದ್ದಾರೆ. ಇವುಗಳಲ್ಲಿ ಸ್ವಾಧ್ಯಾಯವನ್ನಾಗಲಿ ತಪಸ್ಸನ್ನಾಗಲಿ ಮನುಷ್ಯನು ಏಕಾಂತದಲ್ಲಿ ಆಚರಿಸಬಲ್ಲನು. ದಾನವು ಹಾಗಲ್ಲ. ಕೊಡುವವನೊಬ್ಬ, ಕೊಳ್ಳುವವನೊಬ್ಬ, ಇಬ್ಬರ ನಡುವೆ ಒಂದು ದ್ರವ್ಯ ಇವಿಲ್ಲದೆ ದಾನವಿಲ್ಲ. ಆದುದರಿಂದಲೇ ದಾನಕ್ಕೆ ಲೆಕ್ಕವುಂಟು, ರಸೀದಿಯುಂಟು, ಸಾಕ್ಷಿಯುಂಟು. ಕೊಳ್ಳುವ ಕೈಯು ಅಧಿಕಾರಸ್ಥನದಾಗಿದ್ದು, ಕೊಡುವವನು ಅವನ ಬಾಗಿಲಲ್ಲಿ ಅಪ್ಪಣೆಗಾಗಿ ಕಾದು ನಿಂತ ವ್ಯಾಪಾರಿಯಾಗಿದ್ದರೆ ಆ ಕೊಡುಗೆಯನ್ನು ದಾನವೆನ್ನಬಹುದೇ? ಈ ಪ್ರಶ್ನೆಯು ೧೯೮೧ರಲ್ಲಿ ನೆರೆಯ ಮಹಾರಾಷ್ಟ್ರ ರಾಜ್ಯದಲ್ಲಿ ಎದ್ದಿತು. ಅದನ್ನು ನಾಡಿನ ಮುಂದಿಟ್ಟದ್ದು ಒಂದು ದಿನಪತ್ರಿಕೆ. ಆ ವೃತ್ತಾಂತವನ್ನು ಧರ್ಮದೃಷ್ಟಿಯಿಂದ ಪರಿಶೀಲಿಸುವುದು ವ್ಯಾಪಾರವನ್ನೂ ಟ್ರಸ್ಟ್‌ಗಳ ಆಡಳಿತವನ್ನೂ ಕೈಗೊಂಡಿರುವ ನಮ್ಮ ಸಮಾಜಕ್ಕೆ ಉಪಯುಕ್ತವೆಂದು ಭಾವಿಸಿ ಈ ಲೇಖನವನ್ನು ಸಿದ್ಧಪಡಿಸಿದ್ದೇನೆ.

ಹಿನ್ನೆಲೆ

ಚುನಾಯಿತ ಪ್ರತಿನಿಧಿಯು ಪ್ರಜೆಗಳ ಹಣಕ್ಕೆ ಒಡೆಯನಲ್ಲ, ಕಾವಲುಗಾರ ಮಾತ್ರ. ಕಾವಲುಗಾರನನ್ನು ಪ್ರಶ್ನಿಸುವ ಮೊದಲ ಸ್ಥಳ ಶಾಸನಸಭೆ. ಆದರೆ ಸಭೆಯಲ್ಲಿ ನಡೆದ ಪ್ರಶ್ನೋತ್ತರವು ಗೋಡೆಗಳ ಹೊರಗೆ ತಿಳಿಯದಿದ್ದರೆ ಪ್ರಜೆಗೆ ಅದರಿಂದ ಪ್ರಯೋಜನವಿಲ್ಲ. ಪತ್ರಿಕೆಯ ಅವಶ್ಯಕತೆ ಇಲ್ಲಿಂದಲೇ ಆರಂಭವಾಗುತ್ತದೆ.

ಸ್ವತಂತ್ರ ಭಾರತದಲ್ಲಿ ಈ ಅವಶ್ಯಕತೆಯನ್ನು ಸ್ಪಷ್ಟವಾಗಿ ಕಂಡವರಲ್ಲಿ ಫಿರೋಜ್ ಗಾಂಧಿಯವರು ಒಬ್ಬರು. ಸಂಸತ್ತಿನಲ್ಲಿ ಆಡಿದ ಮಾತಿಗೆ ಸದಸ್ಯನಿಗೆ ರಕ್ಷಣೆಯಿತ್ತು. ಅದನ್ನೇ ಯಥಾವತ್ತಾಗಿ ಮುದ್ರಿಸಿದ ಸಂಪಾದಕನಿಗೆ ಅಂತಹ ಸ್ಪಷ್ಟ ರಕ್ಷಣೆ ಇರಲಿಲ್ಲ. ಫಿರೋಜ್ ಗಾಂಧಿಯವರು ಖಾಸಗಿ ಸದಸ್ಯರಾಗಿ ಮಂಡಿಸಿದ ಮಸೂದೆಯು ೧೯೫೬ರಲ್ಲಿ ಕಾಯಿದೆಯಾಯಿತು. ಸದನದ ನಡವಳಿಕೆಯನ್ನು ಬಹುಮಟ್ಟಿಗೆ ಸತ್ಯವಾಗಿ, ದ್ವೇಷವಿಲ್ಲದೆ ವರದಿ ಮಾಡಿದವನ ಮೇಲೆ ಮೊಕದ್ದಮೆ ನಡೆಯದು ಎಂಬುದು ಅದರ ಸಾರ. ಮರುವರ್ಷವೇ, ೧೯೫೭ರ ಡಿಸೆಂಬರಿನಲ್ಲಿ, ಜೀವವಿಮಾ ನಿಗಮವು ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರುಗಳಲ್ಲಿ ಸುಮಾರು ೧.೨೪ ಕೋಟಿ ರೂಪಾಯಿ ತೊಡಗಿಸಿದ ಪ್ರಕರಣವನ್ನು ಅವರು ಲೋಕಸಭೆಯಲ್ಲಿ ಎತ್ತಿದರು. ಅವರು ಆಡಳಿತ ಪಕ್ಷದ ಸದಸ್ಯರೇ ಆಗಿದ್ದರು, ಪ್ರಧಾನಿಯ ಅಳಿಯಂದಿರೂ ಆಗಿದ್ದರು ಎಂಬುದನ್ನು ಮರೆಯಬಾರದು. ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರು ಬಹಿರಂಗ ವಿಚಾರಣೆ ನಡೆಸಿದರು. ೧೯೫೮ರ ಫೆಬ್ರವರಿಯಲ್ಲಿ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ನೀಡಿದರು.

ತುರ್ತುಪರಿಸ್ಥಿತಿಯ ಕಾಲದಲ್ಲಿ ಈ ಕಾಯಿದೆಯನ್ನೇ ರದ್ದುಗೊಳಿಸಲಾಯಿತು. ೧೯೭೫ರ ಜೂನ್ ೨೫ರ ರಾತ್ರಿಯಿಂದ ಪತ್ರಿಕೆಗಳ ಮೇಲೆ ಪೂರ್ವಪರಿಶೀಲನೆಯ ನಿರ್ಬಂಧ ಬಂದಿತು. 'ಇಂಡಿಯನ್ ಎಕ್ಸ್‌ಪ್ರೆಸ್' ಪತ್ರಿಕೆಯು ತನ್ನ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪ್ರಕಟಿಸಿತು. ಕೆಲವೊಮ್ಮೆ ಮೌನವೂ ಸತ್ಯವ್ರತದ ಒಂದು ರೂಪವೆಂಬುದಕ್ಕೆ ಆ ಖಾಲಿ ಜಾಗವು ನಿದರ್ಶನ. ೧೯೭೭ರಲ್ಲಿ ಆ ಕಾಯಿದೆ ಮತ್ತೆ ಜಾರಿಗೆ ಬಂದಿತು. ೧೯೭೮ರ ನಲವತ್ನಾಲ್ಕನೆಯ ತಿದ್ದುಪಡಿಯು ಇದೇ ರಕ್ಷಣೆಯನ್ನು ಸಂವಿಧಾನದ ೩೬೧ಎ ಅನುಚ್ಛೇದವಾಗಿ ಸೇರಿಸಿ, ರಾಜ್ಯಗಳ ಶಾಸನಸಭೆಗಳಿಗೂ ವಿಸ್ತರಿಸಿತು. ವಿಧಾನಸೌಧದಲ್ಲಿ ನಡೆದ ಚರ್ಚೆಯನ್ನು ನಾವು ಇಂದು ಬೆಳಗಿನ ಪತ್ರಿಕೆಯಲ್ಲಿ ನಿರಾತಂಕವಾಗಿ ಓದುತ್ತಿದ್ದರೆ ಅದರ ಹಿಂದೆ ಈ ಚರಿತ್ರೆಯಿದೆ.

ಸಿಮೆಂಟಿನ ಕಾಲ

ಇಂದಿನ ತರುಣರಿಗೆ ನಂಬುವುದು ಕಷ್ಟವಾದರೂ, ಒಂದು ಕಾಲದಲ್ಲಿ ಸಿಮೆಂಟು ಅಂಗಡಿಯಲ್ಲಿ ಕೇಳಿದೊಡನೆ ದೊರೆಯುವ ವಸ್ತುವಾಗಿರಲಿಲ್ಲ. ಅದರ ಬೆಲೆಯೂ ಹಂಚಿಕೆಯೂ ಸರ್ಕಾರದ ನಿಯಂತ್ರಣದಲ್ಲಿದ್ದವು. ಮನೆ ಕಟ್ಟುವವನು, ಬಸದಿಯ ಜೀರ್ಣೋದ್ಧಾರಕ್ಕೆ ಹೊರಟ ಸಮಿತಿ, ಕಾರ್ಖಾನೆ ಕಟ್ಟುವ ಉದ್ಯಮಿ ಎಲ್ಲರೂ ಅರ್ಜಿ ಹಾಕಿ ಪರ್ಮಿಟ್ಟಿಗಾಗಿ ಕಾಯಬೇಕಾಗಿತ್ತು. ನಿಯಂತ್ರಿತ ಬೆಲೆಗೂ ಕಾಳಸಂತೆಯ ಬೆಲೆಗೂ ಬಹಳ ಅಂತರವಿತ್ತು. ವಾಣಿಜ್ಯಶಾಸ್ತ್ರದ ಪ್ರಥಮ ಪಾಠವನ್ನು ಓದಿದವನಿಗೂ ಇದರ ಅರ್ಥ ಹೊಳೆಯುತ್ತದೆ. ಎರಡು ಬೆಲೆಗಳ ನಡುವಣ ಅಂತರವು ಯಾರ ಸಹಿಯಿಂದ ದೊರೆಯುತ್ತದೆಯೋ, ಆ ಸಹಿಗೇ ಒಂದು ಬೆಲೆ ಹುಟ್ಟಿಕೊಳ್ಳುತ್ತದೆ. ಕಾಗದದ ಮೇಲೆ ಸಿಮೆಂಟು ಅಗ್ಗ, ಸಹಿ ದುಬಾರಿ.

೧೯೮೦ರ ಜೂನ್ ತಿಂಗಳಲ್ಲಿ ಅಬ್ದುಲ್ ರಹಮಾನ್ ಅಂತುಳೆಯವರು ಮಹಾರಾಷ್ಟ್ರದ ಮುಖ್ಯಮಂತ್ರಿಗಳಾದರು. ಅದೇ ವರ್ಷ 'ಇಂದಿರಾ ಗಾಂಧಿ ಪ್ರತಿಭಾ ಪ್ರತಿಷ್ಠಾನ' ಎಂಬ ಟ್ರಸ್ಟು ಸ್ಥಾಪನೆಗೊಂಡಿತು. ಲೇಖಕರು, ಕಲಾವಿದರು ಮೊದಲಾದ ಪ್ರತಿಭಾವಂತರಿಗೆ ನೆರವಾಗುವುದು ಅದರ ಉದ್ದೇಶವೆಂದು ಪ್ರಕಟವಾಯಿತು. ಉದ್ದೇಶದಲ್ಲಿ ದೋಷ ಹುಡುಕುವವರಾರು? ಕಷ್ಟದಲ್ಲಿರುವ ಕವಿಗೆ, ಕಲಾವಿದನಿಗೆ ಸಹಾಯ ಮಾಡುವುದು ಪುಣ್ಯಕಾರ್ಯವೇ. ಮುಖ್ಯಮಂತ್ರಿಗಳೇ ಟ್ರಸ್ಟಿಗಳಲ್ಲಿ ಒಬ್ಬರಾಗಿದ್ದರು. ಪ್ರತಿಷ್ಠಾನಕ್ಕೂ ಅವರಿಗೆ ಸಂಬಂಧಿಸಿದ ಇನ್ನೂ ಕೆಲವು ಟ್ರಸ್ಟ್‌ಗಳಿಗೂ ಕಟ್ಟಡ ನಿರ್ಮಾಪಕರಿಂದಲೂ ಸಕ್ಕರೆ ಸಹಕಾರಿ ಕಾರ್ಖಾನೆಗಳಿಂದಲೂ ಹಣವು ಕೋಟಿಗಳ ಮೊತ್ತದಲ್ಲಿ ಹರಿದುಬಂದಿತು.

ಪತ್ರಿಕೆ ಮಾಡಿದ ಕೆಲಸ

೧೯೮೧ರ ಆಗಸ್ಟ್ ೩೧ರಂದು 'ಇಂಡಿಯನ್ ಎಕ್ಸ್‌ಪ್ರೆಸ್' ಪತ್ರಿಕೆಯ ಮುಖಪುಟದಲ್ಲಿ ಅರುಣ್ ಶೌರಿಯವರ ದೀರ್ಘ ಲೇಖನವೊಂದು ಪ್ರಕಟವಾಯಿತು. ಅವರು ಆಗ ಆ ಪತ್ರಿಕೆಯ ಕಾರ್ಯನಿರ್ವಾಹಕ ಸಂಪಾದಕರು. ಪ್ರಧಾನಿಯವರ ಹೆಸರನ್ನೇ ವಾಣಿಜ್ಯದ ಸರಕನ್ನಾಗಿ ಮಾಡಲಾಗಿದೆ ಎಂಬ ಭಾವದ ಶೀರ್ಷಿಕೆ ಅದಕ್ಕಿತ್ತು. ಪತ್ರಿಕೆಯ ಒಡೆಯರು ರಾಮನಾಥ ಗೋಯೆಂಕಾ. ೧೯೬೭ರಲ್ಲಿ ಬೆಂಗಳೂರಿನಿಂದ 'ಕನ್ನಡಪ್ರಭ'ವನ್ನು ಆರಂಭಿಸಿದ ಸಂಸ್ಥೆಯೂ ಇವರದೇ.

ಆ ಲೇಖನದ ಬಲವು ಬೈಗುಳದಲ್ಲಿರಲಿಲ್ಲ, ದಾಖಲೆಯಲ್ಲಿತ್ತು. ಲೆಕ್ಕಪರಿಶೋಧನೆಯ ಪರಿಚಯವುಳ್ಳವರು ಇದನ್ನು ಸುಲಭವಾಗಿ ಗ್ರಹಿಸಬಲ್ಲರು. ದೇಣಿಗೆಯು ಗುಟ್ಟಾಗಿ, ಕತ್ತಲಲ್ಲಿ, ಚೀಲದಲ್ಲಿ ಕೊಟ್ಟದ್ದಾಗಿರಲಿಲ್ಲ. ಚೆಕ್ಕುಗಳಿದ್ದವು. ಟ್ರಸ್ಟಿನ ಪುಸ್ತಕದಲ್ಲಿ ಜಮೆಯೂ ಇತ್ತು. ಆ ಪುಸ್ತಕವೊಂದನ್ನೇ ತೆರೆದು ನೋಡಿದ ಲೆಕ್ಕಪರಿಶೋಧಕನು ಎಲ್ಲವೂ ಸರಿಯಾಗಿದೆ ಎಂದು ಸಹಿ ಮಾಡಬಹುದಾಗಿತ್ತು. ಇತ್ತ ಸರ್ಕಾರದ ಸಿಮೆಂಟು ಹಂಚಿಕೆಯ ಕಡತವೊಂದನ್ನೇ ನೋಡಿದವನಿಗೂ ಆದೇಶಗಳು ಆದೇಶಗಳಂತೆಯೇ ಕಾಣುತ್ತಿದ್ದವು. ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೆಸರಿಗೆ ಹೆಸರನ್ನು ತಾಳೆ ನೋಡಿದಾಗ ಮಾತ್ರ ಮೂರನೆಯ ಸಂಗತಿಯೊಂದು ಹೊರಬಿದ್ದಿತು. ಕೊಟ್ಟವರು ಯಾರೋ, ಸಿಮೆಂಟು ಪಡೆದವರೂ ಅವರೇ. ಯಾವ ಪುಸ್ತಕದಲ್ಲಿಯೂ ಬರೆದಿರದ ಈ ಸಂಗತಿಯನ್ನು ಓದುವುದೇ ಸ್ವತಂತ್ರ ಪತ್ರಿಕೋದ್ಯಮದ ಕಾರ್ಯ.

ಆಕ್ಷೇಪಗಳೂ ಬಂದವು. ಗೋಯೆಂಕಾ ಅವರು ಕಾಂಗ್ರೆಸ್ಸಿನ ವಿರೋಧಿ, ೧೯೭೧ರಲ್ಲಿ ಜನಸಂಘದ ಅಭ್ಯರ್ಥಿಯಾಗಿ ವಿದಿಶಾದಿಂದ ಲೋಕಸಭೆಗೆ ಆಯ್ಕೆಯಾದವರು, ಆದ್ದರಿಂದ ಇದು ರಾಜಕೀಯ ಪ್ರೇರಿತ ಎಂಬ ವಾದವನ್ನು ತಳ್ಳಿಹಾಕಲಾಗದು. ಅವರ ರಾಜಕೀಯ ಒಲವು ಸತ್ಯವೇ. ಆದರೆ ಅನೇಕಾಂತವನ್ನು ಬಲ್ಲವರಿಗೆ ಇಲ್ಲಿ ಗೊಂದಲವಾಗಬೇಕಾಗಿಲ್ಲ. ಹೇಳುವವನ ಉದ್ದೇಶ ಒಂದು ನಯ, ಹೇಳಿದ ಸಂಗತಿಯ ಸತ್ಯಾಸತ್ಯ ಮತ್ತೊಂದು ನಯ. ಶತ್ರುವು ತೋರಿಸಿದ ಮಾತ್ರಕ್ಕೆ ದಾಖಲೆಯು ಸುಳ್ಳಾಗದು. ಮಿತ್ರನು ಹೇಳಿದ ಮಾತ್ರಕ್ಕೆ ಸುಳ್ಳು ದಾಖಲೆಯು ನಿಜವಾಗದು. ಒಂದು ನಯವನ್ನು ಹಿಡಿದು ಇನ್ನೊಂದನ್ನು ಅಲ್ಲಗಳೆಯುವುದನ್ನೇ ನಮ್ಮ ಶಾಸ್ತ್ರಕಾರರು ದುರ್ನಯವೆಂದರು.

ನ್ಯಾಯಾಲಯದ ಮೆಟ್ಟಿಲು

ಜನತಾ ಪಕ್ಷದ ಪಿ. ಬಿ. ಸಾಮಂತ್ ಮೊದಲಾದವರು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸಿದರು. ನ್ಯಾಯಮೂರ್ತಿ ಲೆಂಟಿನ್ ಅವರು ೧೯೮೨ರ ಜನವರಿ ೧೨ರಂದು ತೀರ್ಪು ನೀಡಿ, ಸಿಮೆಂಟಿನ ಹಂಚಿಕೆಗೂ ಟ್ರಸ್ಟಿಗೆ ಬಂದ ದೇಣಿಗೆಗೂ ಸಂಬಂಧವಿದ್ದಿತೆಂದು ಹೇಳಿದರು. ತೀರ್ಪು ಹೊರಬಿದ್ದ ಬೆನ್ನಿಗೇ ಅಂತುಳೆಯವರು ರಾಜೀನಾಮೆ ನೀಡಿದರು. ಒಂದು ಪತ್ರಿಕಾ ಲೇಖನ ಪ್ರಕಟವಾದ ಐದು ತಿಂಗಳೊಳಗಾಗಿ ದೊಡ್ಡ ರಾಜ್ಯವೊಂದರ ಮುಖ್ಯಮಂತ್ರಿ ಸ್ಥಾನ ತೆರವಾಯಿತು. ಮುಂದಿನ ತಿಂಗಳೇ, ಫೆಬ್ರವರಿ ೨೮ರಂದು, ಕೇಂದ್ರ ಸರ್ಕಾರವು ಸಿಮೆಂಟಿನ ಮೇಲಣ ನಿಯಂತ್ರಣವನ್ನು ಭಾಗಶಃ ಸಡಿಲಿಸಿತು; ೧೯೮೯ರಲ್ಲಿ ನಿಯಂತ್ರಣ ಪೂರ್ಣವಾಗಿ ಹೋಯಿತು.

ಕ್ರಿಮಿನಲ್ ಮೊಕದ್ದಮೆಯ ಚರಿತ್ರೆ ಬೇರೆ. ಭಾರತೀಯ ಜನತಾ ಪಕ್ಷದ ರಾಮದಾಸ್ ನಾಯಕ್ ಅವರು ಸಲ್ಲಿಸಿದ ಫಿರ್ಯಾದು ಹಲವು ವರ್ಷ ಒಂದು ನ್ಯಾಯಾಲಯದಿಂದ ಇನ್ನೊಂದಕ್ಕೆ ಅಲೆಯಿತು. ೧೯೮೪ರ ಫೆಬ್ರವರಿ ೧೬ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ದುರುಪಯೋಗವಾಯಿತೆನ್ನಲಾದ ಹುದ್ದೆಯನ್ನು ಆರೋಪಿಯು ಬಿಟ್ಟಿದ್ದರೆ ಮೊಕದ್ದಮೆಗೆ ಪೂರ್ವಾನುಮತಿ ಬೇಕಿಲ್ಲವೆಂದು ತೀರ್ಮಾನಿಸಿ, ವಿಚಾರಣೆಯನ್ನು ಉಚ್ಚ ನ್ಯಾಯಾಲಯಕ್ಕೆ ವರ್ಗಾಯಿಸಿತು. ಹೀಗೆ ವರ್ಗಾಯಿಸಿದ್ದೇ ಸರಿಯಲ್ಲವೆಂದು ೧೯೮೮ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠವು ತನ್ನದೇ ನ್ಯಾಯಾಲಯದ ಆದೇಶವನ್ನು ಹಿಂತೆಗೆದುಕೊಂಡಿತು. ಶೀಘ್ರ ವಿಚಾರಣೆಯು ಆರೋಪಿಯ ಹಕ್ಕು ಎಂಬ ವಿಷಯದಲ್ಲಿ ಇಂದಿಗೂ ಆಧಾರವಾಗಿರುವ ೧೯೯೧ರ ತೀರ್ಪು ಇದೇ ಪ್ರಕರಣದ್ದು. ಅಂತುಳೆಯವರು ಈ ಮೊಕದ್ದಮೆಯಲ್ಲಿ ಶಿಕ್ಷೆಗೆ ಗುರಿಯಾಗಲಿಲ್ಲ. ಅವರು ಮುಂದೆ ಎರಡು ಬಾರಿ ಕೇಂದ್ರ ಸಚಿವರೂ ಆಗಿ ೨೦೧೪ರಲ್ಲಿ ನಿಧನರಾದರು. ಇದನ್ನು ಹೇಳದೆ ಬಿಟ್ಟರೆ ಅರ್ಧಸತ್ಯವನ್ನು ಹೇಳಿದಂತಾಗುತ್ತದೆ. ಪತ್ರಿಕೆಯು ಮಾಡಬಲ್ಲದ್ದು ಪ್ರಶ್ನೆಯನ್ನು ಎತ್ತುವುದು; ಅಪರಾಧ ನಿರ್ಣಯವು ನ್ಯಾಯಪೀಠದ ಕಾರ್ಯ. ಪದವಿಗೆ ತಕ್ಕ ನಡತೆಯೇ ಎಂಬುದು ಒಂದು ಪ್ರಶ್ನೆ, ದಂಡಸಂಹಿತೆಯಂತೆ ಅಪರಾಧವೇ ಎಂಬುದು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಪೂರ್ವಾನುಮತಿಯ ವಿಷಯದಲ್ಲಿ ಇನ್ನೊಂದು ಮಾತು. ೧೯೮೪ರ ತೀರ್ಪು ತೆರೆದ ಬಾಗಿಲನ್ನು ೨೦೧೮ರಲ್ಲಿ ಭ್ರಷ್ಟಾಚಾರ ನಿರೋಧಕ ಕಾಯಿದೆಗೆ ತಂದ ತಿದ್ದುಪಡಿಯು ಬಹುಮಟ್ಟಿಗೆ ಮುಚ್ಚಿದೆ. ಈಗ ಹುದ್ದೆ ಬಿಟ್ಟವನ ಮೇಲೆ ಮೊಕದ್ದಮೆ ನಡೆಸಲೂ ಪೂರ್ವಾನುಮತಿ ಬೇಕು. ಕಾನೂನಿನ ದಾರಿ ಕಿರಿದಾದಷ್ಟೂ ಪತ್ರಿಕೆಯ ಹೊಣೆ ಹಿರಿದಾಗುತ್ತದೆ.

ದಾನದ ನಾಲ್ಕು ಒರೆಗಲ್ಲುಗಳು

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ದಾನವನ್ನು ವಿವರಿಸುವಾಗ ಎರಡು ಸಂಗತಿಗಳನ್ನು ಹೇಳುತ್ತಾರೆ. ಒಂದು, ಅನುಗ್ರಹಕ್ಕಾಗಿ 'ಸ್ವ'ವನ್ನು, ಅಂದರೆ ತನ್ನದನ್ನು ಬಿಟ್ಟುಕೊಡುವುದು ದಾನ. ಎರಡು, ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿ ವಿಶೇಷ ಉಂಟಾಗುತ್ತದೆ. ಮುಂಬಯಿಯ ಪ್ರಕರಣವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ.

ವಿಧಿ: ದಾನವು ಸ್ವಪ್ರೇರಣೆಯಿಂದ ಆದರದೊಡನೆ ನಡೆಯಬೇಕು. ಸಿಮೆಂಟಿಲ್ಲದೆ ಅರ್ಧಕ್ಕೆ ನಿಂತ ಕಟ್ಟಡದ ಮಾಲಿಕನು ಬರೆದ ಚೆಕ್ಕಿನಲ್ಲಿ ಸ್ವಪ್ರೇರಣೆ ಎಷ್ಟಿರಲು ಸಾಧ್ಯ? ದ್ರವ್ಯ: ಕೊಟ್ಟ ಹಣ ದಾತೃವಿನದಾಗಿ ಕಂಡರೂ ಅಂತಿಮವಾಗಿ ಅದು ಸರದಿಯಲ್ಲಿ ಕಾದು ನಿಂತು ಸಿಮೆಂಟು ಸಿಗದ ಸಾಮಾನ್ಯನ ಹಣ. ಅವನಿಗೆ ನ್ಯಾಯವಾಗಿ ಸಲ್ಲಬೇಕಾದ ಪಾಲು ಬೇರೆಯವರಿಗೆ ಹೋದುದರ ಬೆಲೆ ಅದು. ದಾತೃ: ಪ್ರತಿಫಲಾಪೇಕ್ಷೆಯಿಲ್ಲದಿರುವುದು ದಾತೃವಿನ ಗುಣಗಳಲ್ಲಿ ಮೊದಲನೆಯದು, ಇಲ್ಲಿ ಪ್ರತಿಫಲವೇ ಮೂಲ. ಪಾತ್ರ: ಹಣ ಪಡೆಯುವ ಟ್ರಸ್ಟಿಯೂ ಪರ್ಮಿಟ್ಟು ನೀಡುವ ಸರ್ಕಾರದ ಮುಖ್ಯಸ್ಥನೂ ಒಬ್ಬನೇ ಆದಾಗ ಪಾತ್ರಶುದ್ಧಿ ಉಳಿಯದು. ನಾಲ್ಕರಲ್ಲಿ ಒಂದೂ ಒರೆಗೆ ನಿಲ್ಲಲಿಲ್ಲ. ಉದ್ದೇಶಿತ ಕಾರ್ಯವು ಪುಣ್ಯಕರವಾಗಿದ್ದುದರಿಂದ ಮಾತ್ರವೇ ವ್ಯವಹಾರವು ಶುದ್ಧವಾಗಲಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಒಪ್ಪಿಸಿದ ಇಡುಗಂಟನ್ನು ಲಪಟಾಯಿಸುವ 'ನ್ಯಾಸಾಪಹಾರ'ವನ್ನು ನಾವು ಸಹಜವಾಗಿ ಕಳವೆಂದು ತಿಳಿದು ಅಚೌರ್ಯವ್ರತದ ಅತಿಚಾರಗಳಲ್ಲಿ ಹುಡುಕುತ್ತೇವೆ. ಆದರೆ ಸೂತ್ರಕಾರರು ಅದನ್ನು ಸುಳ್ಳು ದಾಖಲೆ ಬರೆಯುವ 'ಕೂಟಲೇಖಕ್ರಿಯೆ'ಯ ಜೊತೆಗೆ ಸತ್ಯವ್ರತದ ಅತಿಚಾರಗಳಲ್ಲಿ ಇಟ್ಟಿದ್ದಾರೆ. ನ್ಯಾಸವೆಂದರೆ ಟ್ರಸ್ಟು. ನಂಬಿ ಒಪ್ಪಿಸಿದುದನ್ನು ಅಪಹರಿಸುವವನು ಹಣವನ್ನು ಮಾತ್ರ ಕದಿಯುವುದಿಲ್ಲ, ಕೊಟ್ಟ ಮಾತಿಗೆ ಸುಳ್ಳಾಗುತ್ತಾನೆ ಎಂಬುದು ಇದರ ಭಾವವಾಗಿರಬೇಕು. ಚುನಾಯಿತನು ಸ್ವೀಕರಿಸುವ ಪ್ರಮಾಣವಚನವೂ ಒಂದು ಮಾತೇ. ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವ 'ವಿರುದ್ಧರಾಜ್ಯಾತಿಕ್ರಮ'ವಾದರೋ ಅಚೌರ್ಯದ ಅತಿಚಾರ. ಅದು ವ್ಯಾಪಾರಿಗೆ ಹೇಳಿದ್ದು. ಆದುದರಿಂದ ಸಿಮೆಂಟು ಪ್ರಕರಣದಲ್ಲಿ ಮಂತ್ರಿಯೊಬ್ಬನ ಕಡೆಗೇ ಬೆರಳು ತೋರಿಸಿ ನಾವು ಕೈತೊಳೆದುಕೊಳ್ಳಲಾಗದು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳಲ್ಲಿ ಆಸ್ರವವಾಗುತ್ತದೆ. ಚೆಕ್ಕು ಬರೆದ ಕೈಯೂ, ಬರೆಸಿದ ಮಧ್ಯವರ್ತಿಯೂ, ವ್ಯಾಪಾರದಲ್ಲಿ ಇದೆಲ್ಲ ಸಹಜವೆಂದು ತಲೆಯಾಡಿಸಿದ ನೆರೆಯವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಉಪಗೂಹನದ ಪ್ರಶ್ನೆ

ಇಲ್ಲಿ ಧರ್ಮನಿಷ್ಠರಾದ ಶ್ರಾವಕರು ಒಂದು ಗಂಭೀರ ಆಕ್ಷೇಪವನ್ನು ಎತ್ತಬಹುದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಪರರ ದೋಷವನ್ನು ಮುಚ್ಚಬೇಕು, ಬೀದಿಗೆ ಎಳೆಯಬಾರದು. ಗುಟ್ಟನ್ನು ಹೊರಗೆಡಹುವ 'ರಹೋಭ್ಯಾಖ್ಯಾನ'ವೂ ಸತ್ಯವ್ರತದ ಅತಿಚಾರವೇ. ಹೀಗಿರುವಾಗ ಪತ್ರಿಕೆಯವರ ಕಾರ್ಯವನ್ನು ಧರ್ಮವೆನ್ನುವುದು ಹೇಗೆ?

ಉತ್ತರವು ಉಪಗೂಹನಕ್ಕೆ ದೃಷ್ಟಾಂತವಾದ ಕಥೆಯಲ್ಲಿಯೇ ಇದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಅಂಗಕ್ಕೆ ಜಿನೇಂದ್ರಭಕ್ತ ಶ್ರೇಷ್ಠಿಯನ್ನು ಹೆಸರಿಸಿದ್ದಾರೆ. ತಾಮ್ರಲಿಪ್ತಿಯ ಆ ಶ್ರೇಷ್ಠಿಯ ಮನೆಯ ಚೈತ್ಯಾಲಯದಲ್ಲಿ ಪಾರ್ಶ್ವನಾಥ ಸ್ವಾಮಿಯ ಪ್ರತಿಮೆಯ ಛತ್ರದಲ್ಲಿ ಬೆಲೆಬಾಳುವ ರತ್ನವಿತ್ತು. ಕಳ್ಳನೊಬ್ಬನು ಕ್ಷುಲ್ಲಕನ ವೇಷ ಧರಿಸಿ ಬಂದು ನಂಬಿಕೆ ಗಳಿಸಿ ಅದನ್ನು ಕದ್ದೊಯ್ದನು. ಕಾವಲಿನವರು ಬೆನ್ನಟ್ಟಿದಾಗ ಶ್ರೇಷ್ಠಿಯು ತಾನೇ ಅದನ್ನು ತರಹೇಳಿದ್ದಾಗಿ ನುಡಿದು, ವೇಷಕ್ಕೆ ಬರಬಹುದಾಗಿದ್ದ ಅಪಕೀರ್ತಿಯನ್ನು ತಪ್ಪಿಸಿದನು. ಅನಂತರ ಏಕಾಂತದಲ್ಲಿ ಅವನಿಗೆ ಬುದ್ಧಿ ಹೇಳಿ ಕಳುಹಿಸಿದನು.

ಕಥೆಯನ್ನು ನಿಧಾನವಾಗಿ ಓದಿದರೆ ಮೂರು ಅಂಶಗಳು ತಿಳಿಯುತ್ತವೆ. ರತ್ನವು ಶ್ರೇಷ್ಠಿಯ ಸ್ವಂತದ್ದು, ಕಳೆದುಕೊಂಡವನೇ ಕ್ಷಮಿಸಿದನು. ರತ್ನವು ಮರಳಿ ಬಂದಿತು. ಕಳ್ಳನನ್ನು ಅಲ್ಲಿಯೇ ಉಳಿಸಿಕೊಳ್ಳದೆ ಹೊರಗೆ ಕಳುಹಿಸಲಾಯಿತು. ರಾಜ್ಯದ ಬೊಕ್ಕಸವಾಗಲಿ ಪರ್ಮಿಟ್ಟಿನ ಸರಕಾಗಲಿ ಯಾವನೊಬ್ಬನ ಸ್ವಂತವಲ್ಲ. ಕಳೆದುಕೊಂಡವರು ಕೋಟ್ಯಂತರ ಪ್ರಜೆಗಳು. ಅವರ ಪರವಾಗಿ ಕ್ಷಮಿಸುವ ಅಧಿಕಾರ ನಮಗಾರಿಗೂ ಇಲ್ಲ. ತನ್ನ ಹಾನಿಯನ್ನು ಮರೆಯುವುದು ಔದಾರ್ಯ; ಪರರ ಹಾನಿಯನ್ನು ಅವರಿಗೆ ತಿಳಿಯದಂತೆ ಮರೆಮಾಚುವುದು ಅದೇ ಗುಣವಾಗದು. ರಹೋಭ್ಯಾಖ್ಯಾನದ ನಿಷೇಧವು ಮನೆಯೊಳಗಿನ ಗುಟ್ಟಿಗೆ ಸಂಬಂಧಿಸಿದುದು; ಸರ್ಕಾರಿ ಕಡತವು ಮನೆಯ ಗುಟ್ಟಲ್ಲ. ಪತ್ರಿಕೆಯು ಮಂತ್ರಿಯ ಕುಟುಂಬದ ಖಾಸಗಿ ವಿಷಯಗಳನ್ನು ಕೆದಕಿದರೆ ಅದು ಅತಿಚಾರವೇ ಸರಿ. ಮಂತ್ರಿಯ ಸಹಿಯಿರುವ ಹಂಚಿಕೆಯನ್ನು ಪ್ರಕಟಿಸಿದರೆ ಅಲ್ಲ.

ಎಂಟು ಅಂಗಗಳಲ್ಲಿ ಉಪಗೂಹನದ ಮರುಹೆಜ್ಜೆಯಾಗಿ ಬರುವುದು ಸ್ಥಿತಿಕರಣ, ಅಂದರೆ ಜಾರಿದವನನ್ನು ಮತ್ತೆ ಸನ್ಮಾರ್ಗದಲ್ಲಿ ನಿಲ್ಲಿಸುವುದು. ಸ್ಥಿತಿಕರಣವಿಲ್ಲದ ಉಪಗೂಹನವು ದೋಷಕ್ಕೆ ನೆರಳು ನೀಡಿದಂತೆ.

ಪತ್ರಿಕೆಗೂ ವ್ರತವುಂಟು

ಅಧಿಕಾರಸ್ಥರು ಇಂತಹ ಬರಹವನ್ನು ಎಂದೂ ಸುಲಭವಾಗಿ ಸಹಿಸಿದವರಲ್ಲ. ನಮ್ಮ ಮೈಸೂರು ಸಂಸ್ಥಾನದಲ್ಲಿಯೇ ೧೯೦೮ರಲ್ಲಿ ವೃತ್ತಪತ್ರಿಕೆಗಳನ್ನು ನಿರ್ಬಂಧಿಸುವ ಕಾನೂನು ಬಂದಾಗ 'ತಾತಯ್ಯ' ಎಂದು ಗೌರವಿಸಲ್ಪಟ್ಟ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಂತುಳೆಯವರ ರಾಜೀನಾಮೆಯಾದ ವರ್ಷವೇ, ೧೯೮೨ರ ಜುಲೈ ೩೧ರಂದು, ಬಿಹಾರದ ವಿಧಾನಸಭೆಯು ಜಗನ್ನಾಥ ಮಿಶ್ರರ ಸರ್ಕಾರ ತಂದ ಪತ್ರಿಕಾ ಮಸೂದೆಯನ್ನು ಅಂಗೀಕರಿಸಿತು. ಪತ್ರಕರ್ತನನ್ನು ಜಾಮೀನಿಲ್ಲದೆ ಬಂಧಿಸಲು ಅದು ಅವಕಾಶ ನೀಡುತ್ತಿತ್ತು. ದೇಶದ ಪತ್ರಕರ್ತರೆಲ್ಲ ಒಂದಾಗಿ ವಿರೋಧಿಸಿದ್ದರಿಂದ ಮರುವರ್ಷ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ೧೯೮೮ರ ಕೇಂದ್ರದ ಮಾನಹಾನಿ ಮಸೂದೆಗೂ ಇದೇ ಗತಿಯಾಯಿತು.

ಆದರೆ ಹೊರಗಿನ ನಿರ್ಬಂಧಕ್ಕಿಂತ ಒಳಗಿನ ಲೋಭವು ಹೆಚ್ಚು ಅಪಾಯಕರ. ೨೦೦೯ರಲ್ಲಿ ಅದೇ ಮಹಾರಾಷ್ಟ್ರದ ವಿಧಾನಸಭಾ ಚುನಾವಣೆಯ ಸಮಯದಲ್ಲಿ ನಾಯಕರೊಬ್ಬರ ಗುಣಗಾನದ ಬರಹವು ಒಂದಕ್ಷರವೂ ಬದಲಾಗದೆ ಬೇರೆ ಬೇರೆ ಪತ್ರಿಕೆಗಳಲ್ಲಿ ಸುದ್ದಿಯೆಂಬಂತೆ ಪ್ರಕಟವಾದುದನ್ನು ಪಿ. ಸಾಯಿನಾಥ್ ಅವರು 'ದಿ ಹಿಂದೂ' ಪತ್ರಿಕೆಯಲ್ಲಿ ಬಯಲಿಗೆಳೆದರು. ಭಾರತೀಯ ಪತ್ರಿಕಾ ಮಂಡಳಿಯು ೨೦೧೦ರಲ್ಲಿ ಕಾಸಿಗಾಗಿ ಸುದ್ದಿಯ ಪಿಡುಗನ್ನು ಕುರಿತು ವರದಿಯನ್ನೇ ಸಿದ್ಧಪಡಿಸಿತು. ಜಾಹೀರಾತನ್ನು ಸುದ್ದಿಯೆಂದು ಅಚ್ಚು ಹಾಕುವುದು ಕೂಟಲೇಖಕ್ರಿಯೆಯಲ್ಲದೆ ಬೇರೇನು? ಇಲ್ಲಿಯೂ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟೇ ಸಂಗತಿಯನ್ನು ಕಂಡುಹಿಡಿದದ್ದು ಮತ್ತೊಬ್ಬ ಪತ್ರಕರ್ತನೆಂಬುದು ಸಮಾಧಾನದ ವಿಷಯ. ಪತ್ರಿಕೆಯ ದೋಷಕ್ಕೆ ಔಷಧವೂ ಪತ್ರಿಕೆಯಲ್ಲಿಯೇ ಇದೆ. ಪತ್ರಿಕೆಯ ಬಾಯಿಗೆ ಬೀಗ ಹಾಕುವುದರಲ್ಲಿ ಇಲ್ಲ.

ಇತ್ತೀಚಿನ ಪಾಠ

ಮುಂಬಯಿಯ ಪ್ರಕರಣವು ಹಳೆಯದಾಯಿತೆಂದು ತಿಳಿಯಬೇಕಾಗಿಲ್ಲ. ೨೦೧೮ರಿಂದ ಜಾರಿಯಲ್ಲಿದ್ದ ಚುನಾವಣಾ ಬಾಂಡುಗಳ ಯೋಜನೆಯಲ್ಲಿ ದೇಣಿಗೆ ನೀಡಿದವನ ಹೆಸರು ಪ್ರಜೆಗೆ ತಿಳಿಯುತ್ತಿರಲಿಲ್ಲ. ೨೦೨೪ರ ಫೆಬ್ರವರಿ ೧೫ರಂದು ಸರ್ವೋಚ್ಚ ನ್ಯಾಯಾಲಯವು ಈ ಯೋಜನೆಯು ಮತದಾರನ ತಿಳಿಯುವ ಹಕ್ಕಿಗೆ ವಿರುದ್ಧವೆಂದು ರದ್ದುಗೊಳಿಸಿತು. ಮಾರ್ಚ್ ೧೪ರಂದು ಚುನಾವಣಾ ಆಯೋಗವು ಬಾಂಡು ಕೊಂಡವರ ಪಟ್ಟಿಯೊಂದನ್ನೂ, ಹಣವಾಗಿಸಿಕೊಂಡ ಪಕ್ಷಗಳ ಪಟ್ಟಿಯೊಂದನ್ನೂ ಬೇರೆ ಬೇರೆಯಾಗಿ ಪ್ರಕಟಿಸಿತು. ಎರಡನ್ನೂ ಬೆಸೆಯುವ ಬಾಂಡಿನ ಸಂಖ್ಯೆಗಳು ಅವುಗಳಲ್ಲಿರಲಿಲ್ಲ. ನ್ಯಾಯಾಲಯವು ಮತ್ತೆ ಆದೇಶಿಸಿದ ಮೇಲೆ ಮಾರ್ಚ್ ೨೧ರಂದು ಅವೂ ಹೊರಬಂದವು. ಕೊಂಡವರಾರು, ಪಡೆದವರಾರು ಎಂಬುದನ್ನು ಪತ್ರಕರ್ತರು ತಾಳೆ ನೋಡಿ ನಾಡಿಗೆ ತಿಳಿಸಿದರು. ಹಣ ಪಡೆದವರಲ್ಲಿ ಕೇಂದ್ರದ ಆಡಳಿತ ಪಕ್ಷವೂ ಇತ್ತು, ವಿರೋಧ ಪಕ್ಷಗಳೂ ಇದ್ದವು, ರಾಜ್ಯಗಳನ್ನಾಳುವ ಪ್ರಾದೇಶಿಕ ಪಕ್ಷಗಳೂ ಇದ್ದವು. ಕೊಟ್ಟವರೆಲ್ಲರೂ ಪ್ರತಿಫಲ ಬಯಸಿದರೆಂದು ಹೇಳುವುದು ಅನ್ಯಾಯ. ಆದರೆ ಪಟ್ಟಿಯೇ ಇಲ್ಲದಿದ್ದರೆ ಶುದ್ಧನಾದ ದಾನಿಯೂ ಸಂದೇಹದಿಂದ ಪಾರಾಗುವಂತಿಲ್ಲ. ಬೆಳಕು ಸಜ್ಜನನಿಗೂ ಉಪಕಾರಿ.

ನಮ್ಮ ಟ್ರಸ್ಟ್‌ಗಳ ಕರ್ತವ್ಯ

೧೯೫೦ರ ಮುಂಬಯಿ ಸಾರ್ವಜನಿಕ ಟ್ರಸ್ಟ್ ಕಾಯಿದೆಯು ೧೯೫೬ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಬೆಳಗಾವಿ, ಧಾರವಾಡ, ವಿಜಾಪುರ ಪ್ರದೇಶಗಳ ಬಸದಿಗಳ ಹಿರಿಯ ಆಡಳಿತಗಾರರಿಗೆ ಚೆನ್ನಾಗಿ ಪರಿಚಿತವಾದುದು. ನೋಂದಣಿ, ಲೆಕ್ಕಪತ್ರ, ಲೆಕ್ಕಪರಿಶೋಧನೆ, ಚಾರಿಟಿ ಕಮಿಷನರರ ಮೇಲ್ವಿಚಾರಣೆ ಎಲ್ಲವೂ ಅದರಲ್ಲಿದ್ದವು. ಆ ಕಾಯಿದೆಯಿದ್ದ ರಾಜ್ಯದಲ್ಲಿಯೇ ಪ್ರತಿಷ್ಠಾನದ ಪ್ರಕರಣ ನಡೆಯಿತೆಂದ ಮೇಲೆ, ಕಾನೂನಿನ ನಮೂನೆಗಳನ್ನು ತುಂಬಿದ ಮಾತ್ರಕ್ಕೆ ಟ್ರಸ್ಟಿಯ ಹೊಣೆ ತೀರದು ಎಂಬುದು ಸ್ಪಷ್ಟ. ಈ ದೃಷ್ಟಿಯಿಂದ ಬಸದಿಗಳ, ವಿದ್ಯಾರ್ಥಿನಿಲಯಗಳ, ಧರ್ಮಶಾಲೆಗಳ ಆಡಳಿತ ಮಂಡಳಿಗಳು ವಿಚಾರಮಾಡಬೇಕಾದ ಕೆಲವು ಅಂಶಗಳನ್ನು ವಿನಯಪೂರ್ವಕವಾಗಿ ಸೂಚಿಸುತ್ತೇನೆ.

ಮೊದಲನೆಯದಾಗಿ, ದೊಡ್ಡ ದೇಣಿಗೆಗಳ ಪಟ್ಟಿಯನ್ನೂ ದೊಡ್ಡ ವೆಚ್ಚಗಳ ಹಾಗೂ ಗುತ್ತಿಗೆಗಳ ಪಟ್ಟಿಯನ್ನೂ ಪ್ರತಿವರ್ಷ ಒಂದೇ ಹಾಳೆಯಲ್ಲಿ ಪ್ರಕಟಿಸಬೇಕು. ಜೀರ್ಣೋದ್ಧಾರಕ್ಕೆ ದೇಣಿಗೆ ಕೊಟ್ಟವನೇ ಅದರ ಗುತ್ತಿಗೆಯನ್ನೂ ಪಡೆದಿದ್ದರೆ ಸಮಾಜಕ್ಕೆ ಅದು ತಿಳಿದಿರಲಿ. ಅದರಲ್ಲಿ ತಪ್ಪಿಲ್ಲದಿರಬಹುದು, ಮರೆಮಾಚಿದರೆ ತಪ್ಪಾಗುತ್ತದೆ.

ಎರಡನೆಯದಾಗಿ, ಪಂಚಕಲ್ಯಾಣ, ಮಹಾಮಸ್ತಕಾಭಿಷೇಕ ಮೊದಲಾದ ಉತ್ಸವಗಳಿಗೆ ಜನಪ್ರತಿನಿಧಿಗಳನ್ನು ಆಹ್ವಾನಿಸುವುದು ಲೋಕರೂಢಿ. ಅವರು ಸರ್ಕಾರದಿಂದ ಕೊಡಿಸಿದ ಅನುದಾನವನ್ನು ಅವರ ಸ್ವಂತ ದಾನವೆಂಬಂತೆ ಫಲಕದಲ್ಲಿ ಕೆತ್ತಿಸಬಾರದು. ಸರ್ಕಾರದ ಹಣವು ಪ್ರಜೆಗಳ ಹಣ; ಅದರಲ್ಲಿ ಯಾರ 'ಸ್ವ'ವೂ ಇಲ್ಲ. ಫಲಕವೂ ಒಂದು ಲೇಖವೇ; ಅದರಲ್ಲಿಯೂ ಕೂಟತ್ವವಿರಬಾರದು.

ಮೂರನೆಯದಾಗಿ, ನಮ್ಮ ವರ್ತಕ ಬಂಧುಗಳು ಪತ್ರಿಕೆಗಳಿಗೆ ಜಾಹೀರಾತು ನೀಡುವವರು. ತಮಗೆ ಅಥವಾ ತಮಗೆ ಬೇಕಾದ ರಾಜಕಾರಣಿಗೆ ಅಪ್ರಿಯವಾದ ವರದಿ ಬಂದಿತೆಂದು ಜಾಹೀರಾತು ನಿಲ್ಲಿಸುವ ಬೆದರಿಕೆ ಒಡ್ಡಬಾರದು. ಸತ್ಯ ನುಡಿದುದಕ್ಕಾಗಿ ಒಬ್ಬನ ಜೀವನೋಪಾಯವನ್ನು ಕಸಿಯುವುದೂ ಹಿಂಸೆಯೇ.

ನಾಲ್ಕನೆಯದಾಗಿ, ನಮ್ಮದೇ ಸಂಸ್ಥೆಯೊಂದರ ವ್ಯವಹಾರವನ್ನು ಕುರಿತು ಪತ್ರಿಕೆಯು ಪ್ರಶ್ನೆ ಎತ್ತಿದಾಗ ಸಮಾಜದ ಮಾನಹಾನಿಯಾಯಿತೆಂದು ಕೂಗಾಡುವುದಕ್ಕಿಂತ ಲೆಕ್ಕದ ಪುಸ್ತಕವನ್ನು ತೆರೆದು ತೋರಿಸುವುದು ಶ್ರೇಯಸ್ಕರ. ವರದಿ ಸುಳ್ಳಾದರೆ ಪುಸ್ತಕವೇ ಉತ್ತರ ಹೇಳುತ್ತದೆ. ನಿಜವಾದರೆ ತಿದ್ದಿಕೊಳ್ಳಲು ಅವಕಾಶ ದೊರೆಯುತ್ತದೆ. ಪ್ರತಿಕ್ರಮಣವನ್ನು ನಿತ್ಯವೂ ಮಾಡಬೇಕೆಂದು ಹೇಳುವ ಧರ್ಮದ ಅನುಯಾಯಿಗಳಿಗೆ ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವುದು ಭಾರವಾಗಬಾರದು.

ಕೊನೆಯದಾಗಿ, ೨೦೦೫ರ ಮಾಹಿತಿ ಹಕ್ಕು ಕಾಯಿದೆಯು ಅಂದು ಪತ್ರಕರ್ತರು ಕಷ್ಟಪಟ್ಟು ಸಂಪಾದಿಸಬೇಕಾಗಿದ್ದ ಕಡತಗಳ ಪ್ರತಿಯನ್ನು ಅರ್ಜಿ ಸಲ್ಲಿಸಿ ಕೇಳುವ ಹಕ್ಕನ್ನು ಪ್ರತಿಯೊಬ್ಬ ನಾಗರಿಕನಿಗೂ ನೀಡಿದೆ. ನಮ್ಮ ತರುಣರಲ್ಲಿ ಲೆಕ್ಕಶಾಸ್ತ್ರವನ್ನು ಓದಿದವರು ಅನೇಕರಿದ್ದಾರೆ. ತಮ್ಮ ಊರಿನ ಪುರಸಭೆಯ, ಪಂಚಾಯತಿಯ ಲೆಕ್ಕವನ್ನು ಓದಿ ನೆರೆಹೊರೆಯವರಿಗೆ ತಿಳಿಸುವುದನ್ನು ಅವರು ಸ್ವಾಧ್ಯಾಯದಷ್ಟೇ ನಿಷ್ಠೆಯಿಂದ ಕೈಗೊಳ್ಳಬಹುದು. ನಿಂದೆಯಿಲ್ಲದೆ, ಭಯವಿಲ್ಲದೆ, ಇದ್ದುದನ್ನು ಇದ್ದಂತೆ ಹೇಳುವುದೇ ಸತ್ಯಾಣುವ್ರತ. ಅದನ್ನು ಮನೆಯಲ್ಲಿಯೂ ಅಂಗಡಿಯಲ್ಲಿಯೂ ಪಾಲಿಸುವ ನಾವು ಊರಿನ ಹಣದ ವಿಷಯದಲ್ಲಿ ಮಾತ್ರ ಸಡಿಲಿಸಲು ಕಾರಣವಿಲ್ಲ. ಧರ್ಮಬಂಧುಗಳೂ ಟ್ರಸ್ಟುಗಳ ಆಡಳಿತಗಾರರೂ ಈ ವಿಚಾರವನ್ನು ತಮ್ಮ ಮುಂದಿನ ಸಭೆಗಳಲ್ಲಿ ಚರ್ಚೆಗೆ ಎತ್ತಿಕೊಳ್ಳುವರೆಂದು ಆಶಿಸುತ್ತೇನೆ.